ಸೂರಿನ ಸಂದಿಗೆ ಕಟ್ಟಿದ ಬಲೆ

ಜೂನ್ 3, ಮಂಗಳವಾರ

ಈ ಪುಸ್ತಕದ ಮುಂದಿನ ಹಾಳೆಗಳು ಹುಳುಗಳಿಗೆ. ಶಾಖ ಎಷ್ಟು, ಸೊಪ್ಪು ಎಷ್ಟು ಸಲ, ಪೊರೆ ಬಿಡುವ ಜ್ವರಕ್ಕೆ ಯಾವಾಗ ಕೂತವು, ಎಲ್ಲ ಬರೆದಿಡಿ ಎಂದು ರೇಷ್ಮೆ ಇಲಾಖೆಯವರು ಕೊಟ್ಟದ್ದು. ಹಿಂದಿನ ಹಾಳೆಗಳಿಗೆ ಅವರು ಗೆರೆಯನ್ನೂ ಹಾಕಿಲ್ಲ, ಹೆಸರನ್ನೂ ಇಟ್ಟಿಲ್ಲ. ಅವು ನನಗಿರಲಿ. ಬಾಯಿ ಬಿಟ್ಟರೆ ಜಗಳವಾಗುವ ಮಾತುಗಳಿಗೂ ಒಂದು ಜಾಗ ಬೇಕಲ್ಲ.

ಬೆಳಗ್ಗೆಯಿಂದ ಹುಳುಮನೆ ತೊಳೆದೆ. ಬ್ಲೀಚಿಂಗ್ ಪುಡಿಯ ಘಾಟಿಗೆ ಕಣ್ಣು ಇನ್ನೂ ಉರಿಯುತ್ತಿದೆ. ಗುರುವಾರ ಹುಳು ಬರುತ್ತವೆ. ಕಿಟಕಿಗಳಿಗೆಲ್ಲ ಊಜಿ ಬಲೆ ಬಿಗಿದಾಯಿತು. ಊಜಿ ನೊಣ ಒಂದೇ ಒಂದು ಒಳಗೆ ನುಗ್ಗಿದರೂ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಬೆಳೆ ಕೆಡಿಸುತ್ತದೆ. ಕೈಕಾಲು ತೊಳೆಯದೆ ಬಂದರೆ ದೇವರನ್ನೂ ನಾನು ಹುಳುಮನೆಯೊಳಗೆ ಬಿಡುವುದಿಲ್ಲ. ಊರಲ್ಲಿ ನನಗೆ ‘ಸೋಪು ಸುನಂದ’ ಎಂದು ಹೆಸರಿಟ್ಟಿದ್ದಾರೆ. ಇಡಲಿ. ಅವರ ಬೆಳೆ ಕೆಟ್ಟ ವರ್ಷವೂ ನನ್ನ ಬೆಳೆ ಕೆಟ್ಟಿಲ್ಲ.

ಹುಳುಮನೆಗೆ ಅಂಟಿಕೊಂಡಿರುವ ಹಳೇ ಮನೆಯ ಪಾಡು ಬೇರೆ. ಹಿಂದಿನ ಕೋಣೆಯ ಹೆಂಚಿಗೂ ಅಟ್ಟದ ಹಲಗೆಗೂ ನಡುವೆ ಬಾವಲಿಗಳಿವೆ. ಹಣ್ಣು ತಿನ್ನುವ ದೊಡ್ಡವಲ್ಲ, ಹೆಬ್ಬೆರಳಿನಷ್ಟೇ ಇರುವ, ಸೊಳ್ಳೆ ಹಿಡಿದು ತಿನ್ನುವ ಜಾತಿ. ಸೂರಿನ ಸಂದಿಯಿಂದ ಹೋಗುತ್ತವೆ, ಬರುತ್ತವೆ. ಆ ಕೋಣೆಯಲ್ಲೇ ನನ್ನ ಬಾಣಂತಿ ಮಗಳು ಮೌನಿಕಾ ಮತ್ತು ಅವಳ ಮೂವತ್ತೈದು ದಿನದ ಹೆಣ್ಣುಮಗು ಇರುವುದು. ಮನೆಯಲ್ಲಿ ಬೆಚ್ಚಗಿರುವ ಕೋಣೆ ಅದೊಂದೇ.

ಅತ್ತೆಗೆ ಇದ್ಯಾವುದರ ತಲೆಬಿಸಿಯೂ ಇಲ್ಲ. ಕಣ್ಣಿಗೆ ಪೊರೆ ಬಂದು ಅಷ್ಟಾಗಿ ಕಾಣದು. ಆದರೂ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಜಗಲಿಗೆ ಬಂದು ಕೂತು ಸೂರಿನ ಕಡೆ ಮುಖ ಎತ್ತುತ್ತಾರೆ. ಗೌನಿಪಲ್ಲಿ ಕಡೆಯವರು, ಪ್ರೀತಿ ಬಂದರೂ ಸಿಟ್ಟು ಬಂದರೂ ತೆಲುಗು ಬರುತ್ತದೆ.

“ಎನ್ನಿ ಪೋಯ್ನಾಯೇ ಸುನಂದಾ?” ಎಷ್ಟು ಹೋದವು ಎಂದು ಕೇಳುತ್ತಾರೆ, ತಮ್ಮದೇ ಕುರಿಮಂದೆ ಎನ್ನುವ ಹಾಗೆ.

“ನಲವತ್ತು,” ಎಂದೆ ಸೊಪ್ಪಿನ ಬುಟ್ಟಿ ತೊಳೆಯುತ್ತಾ. ತಲೆ ಎತ್ತಿಯೂ ನೋಡಿರಲಿಲ್ಲ. ನಿನ್ನೆ ಮೂವತ್ತು ಎಂದಿದ್ದೆ. ಏನು ಹೇಳಿದರೂ ಅವರಿಗೆ ಸಮಾಧಾನ.

ಜೂನ್ 5, ಗುರುವಾರ

ಹುಳು ಬಂದವು. ಎರಡನೇ ಜ್ವರ ಎದ್ದ ಹುಳುಗಳು, ಒಳ್ಳೇ ಲವಲವಿಕೆ ಇದೆ.

ಮಗುವಿನ ಬಟ್ಟೆ ಒಣಗಿಸಿದ್ದ ಮಂಚದ ಮೇಲೆ ಎಳ್ಳಿನಂಥ ಹಿಕ್ಕೆ ಬಿದ್ದಿತ್ತು. ಪೊರಕೆ ತೆಗೆದುಕೊಂಡು ಗುಡಿಸಿದೆ. ಧೂಳೆದ್ದು ಮೌನಿಕಾಗೆ ಕೆಮ್ಮು ಬಂತು. ಅದೇ ಹೊತ್ತಿಗೆ ಲಕ್ಕೂರಿನಿಂದ ಬೀಗಿತ್ತಿ ಭಾರತಮ್ಮನ ಫೋನು.

“ಸುನಂದಮ್ಮಾ, ನಿಮ್ಮನೇಲಿ ಬಾವಲಿ ಇದಾವಂತಲ್ಲ? ಮೌನಿಕಾ ಮಾತಿಗೆ ಮಾತು ಬಂದು ಅಂದ್ಲು. ಟೀವೀಲಿ ಬಾವಲಿಯಿಂದ ಜ್ವರ ಅಂತ ಏನೇನೋ ತೋರಿಸ್ತಾರೆ ನೋಡಿ, ನಂಗೆ ಎದೆ ಡವಡವ ಅಂತದೆ. ಈ ಭಾನುವಾರ ಬಿಟ್ಟು ಆ ಭಾನುವಾರ ಬರ್ತೀವಿ. ಹಂಗೇನಾದ್ರೂ ಇದ್ರೆ ತಾಯಿ ಮಗು ಇಬ್ರನ್ನೂ ಕರ್ಕೊಂಡ್ ಬಂದ್ಬಿಡ್ತೀವಿ. ಬೇಜಾರ್ ಮಾಡ್ಕೋಬೇಡಿ.”

“ಅಯ್ಯೋ, ಅದ್ಯಾವ ಕಾಲದ ಮಾತು! ಎಲ್ಲಾ ಓಡ್ಸಿಯಾಯ್ತು. ಒಂದೂ ಇಲ್ಲ,” ಎಂದೆ.

ಐದು ತಿಂಗಳು ಬಾಣಂತನ ಮಾಡಿಯೇ ಕಳಿಸುವುದು ಎಂದು ಎಲ್ಲರೆದುರು ಹೇಳಿದವಳು ನಾನು. ಒಂದು ತಿಂಗಳಿಗೇ ಮಗುವನ್ನು ಎತ್ತಿಕೊಂಡು ಹೋದರೆ ನನ್ನ ಮುಖ ಎಲ್ಲಿಡಲಿ? ಮುಖದ ಮಾತು ಹಾಗಿರಲಿ. ಆ ಮಗು ಇಲ್ಲದ ಮನೆಯಲ್ಲಿ ಇರಲು ನನ್ನಿಂದ ಈಗ ಆಗುವುದಿಲ್ಲ.

ಜೂನ್ 6, ಶುಕ್ರವಾರ

ಮುಚ್ಚಿಬಿಟ್ಟೆ.

ನಮ್ಮ ಯಜಮಾನರು ಸೆಕೆಂಡ್ ಶಿಫ್ಟಿಗೆ ಹೋದ ಮೇಲೆ ಏಣಿ ಹಾಕಿ ನಾನೇ ಹತ್ತಿದೆ. ಮಧ್ಯಾಹ್ನ ಮೂರು ಗಂಟೆ, ತಲೆ ಸುಡುವ ಬಿಸಿಲು. ಮಿಕ್ಕಿದ್ದ ಊಜಿ ಬಲೆಯನ್ನು ಎರಡು ಪದರ ಮಾಡಿ ಸೂರಿನುದ್ದಕ್ಕೂ ಮೊಳೆ ಹೊಡೆದೆ. ಅಂಚಿನಲ್ಲಿ ಹಳೇ ಸೀರೆ ತುರುಕಿ ಮೇಲೆ ಮಣ್ಣು ಮೆತ್ತಿದೆ. ಬಲೆ ಕಟ್ಟುವುದು ಯಾವತ್ತಿಗೂ ಹಗಲಲ್ಲೇ. ಊಜಿ ಹಗಲಲ್ಲಿ ಹೊರಗೆ ಸುತ್ತುತ್ತಿರುತ್ತದೆ, ಆಗ ಮುಚ್ಚಿದರೆ ಅದು ಹೊರಗೇ ಉಳಿಯುತ್ತದೆ. ಇಪ್ಪತ್ತು ವರ್ಷದಿಂದ ಮಾಡಿದ ಕೆಲಸ, ಕೈಗೆ ತಾನಾಗಿ ಬರುತ್ತದೆ.

ಸಂಜೆ ಅತ್ತೆ ಕೇಳಿದರು. ಮೂವತ್ತೈದು ಎಂದೆ.

“ಅದೇನೇ, ರೆಕ್ಕೆ ಸದ್ದೇ ಕೇಳಲಿಲ್ವೇ?”

“ಗಾಳಿ ಇತ್ತು ಅತ್ತೆ.”

ಗಾಳಿ ಇರಲಿಲ್ಲ. ಅಟ್ಟದ ಮೇಲೆ ಏನೋ ಪರಪರ ಕೆರೆಯುವ ಸದ್ದು ಬರುತ್ತಿದೆ. ಇಲಿ ಇರಬೇಕು.

ಜೂನ್ 7, ಶನಿವಾರ

ಇಲಿ ಅಲ್ಲ.

ಬೆಳಗ್ಗೆ ಐದೂವರೆಗೆ ಮೌನಿಕಾ ಬಚ್ಚಲಿಗೆ ಹೋಗಿದ್ದಳು. ಮಗು ಜೋಲಿಯಲ್ಲಿ ಮಲಗಿತ್ತು. ಒದ್ದೆಯಾಗಿದೆಯೇ ನೋಡೋಣ ಎಂದು ಜೋಲಿಯ ಸೀರೆ ಸರಿಸಿದೆ. ಮಡಿಕೆಯೊಳಗೆ, ಮಗುವಿನ ಪಾದದ ಪಕ್ಕದಲ್ಲಿ, ಒಣಗಿದ ಎಲೆಯಂಥದ್ದು ಅಂಟಿಕೊಂಡಿತ್ತು. ಎಲೆ ಉಸಿರಾಡುತ್ತಿತ್ತು.

ಯೋಚಿಸಲಿಲ್ಲ. ಬರಿಗೈಯಲ್ಲಿ ಹಿಡಿದೆಳೆದೆ. ಸೂಜಿ ಚುಚ್ಚಿದ ಹಾಗಾಯಿತು. ಕಿಟಕಿಯಿಂದ ಆಚೆ ಎಸೆದೆ. ಮಗು ಕಣ್ಣು ಬಿಡಲಿಲ್ಲ. ಯಾರೂ ನೋಡಲಿಲ್ಲ. ಹೆಬ್ಬೆರಳ ಬುಡದಲ್ಲಿ ಎರಡು ಚುಕ್ಕೆ ರಕ್ತ. ಸೆರಗಿಗೆ ಒರೆಸಿಕೊಂಡು ಹುಳುಗಳಿಗೆ ಸೊಪ್ಪು ಹಾಕಲು ಹೋದೆ. ಸೋಪು ಹಾಕಿ ಕೈ ತೊಳೆದದ್ದು ಹುಳುಮನೆಯ ಬಾಗಿಲಲ್ಲಿ, ಅದೂ ಹುಳುಗಳಿಗೋಸ್ಕರ.

ಆಮೇಲೆ ಮಗುವಿಗೆ ಎಣ್ಣೆ ಹಚ್ಚುವಾಗ ಮೈಯೆಲ್ಲ ಹುಡುಕಿದೆ. ಬೆರಳ ಸಂದು, ಕಿವಿಯ ಹಿಂದೆ, ಪಾದ. ಎಡ ತೊಡೆಯ ಮೇಲೆ ಒಂದು ಕೆಂಪು ಚುಕ್ಕೆ ಇದೆ. ಸೊಳ್ಳೆ ಕಚ್ಚಿದ್ದೇ ಇರಬೇಕು. ಸೊಳ್ಳೆಯದೇ.

ಜೂನ್ 8, ಭಾನುವಾರ

ಇವತ್ತು ಹಗಲಲ್ಲೇ ಎರಡು ಬಾವಲಿ ನಡುಮನೆಗೆ ಇಳಿದು ಗೋಡೆಗೆ ಬಡಿದುಕೊಂಡು ಸುತ್ತಿದವು. ಮೌನಿಕಾ ಮಗುವನ್ನು ಎದೆಗೊತ್ತಿಕೊಂಡು ಜಗಲಿಗೆ ಓಡಿದಳು. ಇವರು ರಜೆಯಲ್ಲಿ ಮನೆಯಲ್ಲಿದ್ದವರು ಪೊರಕೆ ಎತ್ತಿದರು. ಅತ್ತೆ ಕೂತಲ್ಲಿಂದಲೇ ಗದರಿದರು.

“ವೇಣೂ, ಹೊಡೀಬೇಡ ಕಣೋ! ಕೈಲೂ ಮುಟ್ಟಬೇಡ. ಎಲ್ರೂ ಆಚೆ ಬನ್ನಿ. ಬಾಗಿಲು ಕಿಟಕಿ ತೆಗೆದಿಟ್ಟು ಸಂಜೆ ದೀಪ ಹಾಕದೆ ಸುಮ್ನಿರಿ. ದಾರಿ ಕಂಡ್ರೆ ಅವೇ ಹೋಗ್ತಾವೆ. ಇಷ್ಟಕ್ಕೂ ಮನೆಯೊಳಗೆ ಯಾಕ್ ಬಂದ್ವು? ಸೂರಲ್ಲಿ ಏನಾಗದೆ ನೋಡು.”

ನೋಡಿದರು. ನನ್ನ ಬಲೆ ಕಂಡಿತು.

“ಯಾವಾಗ ಕಟ್ಟಿದ್ಯೇ?” ಎಂದರು ಇವರು.

“ಶುಕ್ರವಾರ, ಮಧ್ಯಾಹ್ನ.”

ಅತ್ತೆ ಹಣೆ ಚಚ್ಚಿಕೊಂಡರು, ಸಿಟ್ಟಿಗೆ ಬಾವಲಿ ಹೋಗಿ ತೆಲುಗಿನ ಗಬ್ಬಿಲಾಯಿ ಬಂತು. “ಹಗಲಲ್ಲಿ ಗಬ್ಬಿಲಾಯಿ ಒಳಗೇ ಮಲಗಿರ್ತಾವೆ ಕದೇ! ನಿನ್ನ ನೊಣ ಹಗಲಲ್ಲಿ ಆಚೆ, ಇವು ಹಗಲಲ್ಲಿ ಒಳಗೆ. ಆಚೆ ಹಾಕ್ತೀನಿ ಅಂತ ಒಳಗೇ ಬೀಗ ಹಾಕಿದ್ಯಲ್ಲೇ ತಾಯಿ!”

ಹೊತ್ತು ಮುಳುಗುವಾಗ ಇವರು ಏಣಿ ಹತ್ತಿ ಬಲೆ ಕಿತ್ತರು. ಒಳಗಿದ್ದವು ಒಂದರ ಹಿಂದೆ ಒಂದು ನುಗ್ಗಿ ಹೋದವು. ಆಮೇಲೆ ಇವರು ಸಲಿಕೆಯಲ್ಲಿ ಎರಡು ಮರಿಗಳನ್ನು ಕೆಳಗಿಳಿಸಿದರು. ಕೂದಲು ಕೂಡ ಬಂದಿರಲಿಲ್ಲ. ಎರಡು ದಿನ ಗಾಳಿಯಿಲ್ಲದೆ ಆ ಬಿಸಿ ಹೆಂಚಿನಡಿಯಲ್ಲಿ ಬೆಂದುಹೋಗಿದ್ದವು. ಬೇಲಿಯ ಪಕ್ಕ ಗುಂಡಿ ತೆಗೆದು ಮುಚ್ಚಿದರು.

“ಅವೂ ಬಾಣಂತೀರೇ ಕದೇ ಸುನಂದಾ,” ಎಂದರು ಅತ್ತೆ. ಬೈದಿದ್ದರೆ ಚೆನ್ನಾಗಿತ್ತು.

ಹೆಬ್ಬೆರಳಿನ ವಿಷಯ ಈಗಲಾದರೂ ಹೇಳಬೇಕಿತ್ತು. ಹೇಳಿದರೆ ‘ಎಲ್ಲಿ ಕಚ್ಚಿತು’ ಎಂದು ಕೇಳುತ್ತಾರೆ. ಎಲ್ಲಿ ಎಂದರೆ ಜೋಲಿಯಲ್ಲಿ ಎನ್ನಬೇಕು.

ಜೂನ್ 9, ಸೋಮವಾರ

ಆಶಾ ಕಾರ್ಯಕರ್ತೆ ಗಂಗಾ ಮಗುವಿನ ತೂಕ ನೋಡಲು ಬಂದಿದ್ದಳು. ತೂಕ ಚೆನ್ನಾಗಿದೆ ಎಂದಳು. ಅತ್ತೆಯ ಪಕ್ಕ ಅರ್ಧ ಕಚ್ಚಿದ ಮಾವಿನಹಣ್ಣು ಕಂಡು, “ಅಜ್ಜೀ, ಮರದಡಿ ಬಿದ್ದ, ಗಿಳಿಯೋ ಬಾವಲಿಯೋ ಕಚ್ಚಿದ ಹಣ್ಣು ತಿನ್ನಬೇಡಿ, ಎಷ್ಟ್ ಸಲ ಹೇಳೋದು?” ಎಂದು ಕಸದ ಬುಟ್ಟಿಗೆ ಹಾಕಿದಳು. ಕಚ್ಚಿದ್ದೇ ಸಿಹಿ ಎಂದು ಅತ್ತೆ ಗೊಣಗಿದರು.

ನನ್ನ ಬೆರಳಿಗೆ ಸುತ್ತಿದ ಬಟ್ಟೆ ನೋಡಿ ಕೇಳಿದಳು. ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿತು ಎಂದೆ. ಆಮೇಲೆ ಬಾಗಿಲವರೆಗೆ ಕಳಿಸಲು ಹೋಗಿ, “ಗಂಗಾ, ನಾಯಿ ಕಚ್ಚಿದ್ರೆ ಹಾಕಿಸ್ತಾರಲ್ಲ ಸೂಜಿ, ಬಾವಲಿ ಕಚ್ಚಿದ್ರೂ ಅದೇನಾ?” ಎಂದೆ.

“ಯಾಕಕ್ಕಾ?”

“ಸುಮ್ನೆ. ಟೀವೀಲಿ ಬಂದಿತ್ತು.”

“ನಮ್ ಕಡೆ ಬಾವಲಿಯಿಂದ ಅಂತ ನಾನು ಕೇಳಿಲ್ಲ. ಆದ್ರೆ ಆಸ್ಪತ್ರೇಲಿ ನಮಗೆ ಹೇಳ್ಕೊಟ್ಟಿರೋದು ಏನು ಅಂದ್ರೆ, ಯಾವ ಕಾಡುಪ್ರಾಣಿ ಕಚ್ಚಿದ್ರೂ ತಕ್ಷಣ ಕಾಲು ಗಂಟೆ ಸೋಪು ನೀರಲ್ಲಿ ತೊಳೀಬೇಕು, ಓಡಿ ಹೋಗಿ ಸೂಜಿ ಹಾಕಿಸ್ಕೋಬೇಕು. ಕಚ್ಚಿರಬಹುದೇನೋ ಅಂತ ಅನುಮಾನ ಇದ್ರೂ ಅಷ್ಟೇ. ಹುಚ್ಚುನಾಯಿ ರೋಗ ಶುರುವಾದ ಮೇಲೆ ಔಷಧಿ ಇಲ್ಲಕ್ಕಾ. ಮುಂಚೆ ಹಾಕಿಸ್ಕೊಂಡ್ರೆ ಭಯಾನೂ ಇಲ್ಲ.”

ಅವಳ ಸ್ಕೂಟರು ತಿರುವು ದಾಟುವವರೆಗೂ ನಿಂತಿದ್ದೆ. ಕೂಗಿದ್ದರೆ ಕೇಳಿಸುತ್ತಿತ್ತು.

ಜೂನ್ 10, ಮಂಗಳವಾರ

ಮಗು ಎರಡು ಸಲ ಸೀನಿತು. ಒಂದು ಸಲ ಹಾಲು ಕಕ್ಕಿತು. ಎಲ್ಲ ಮಕ್ಕಳೂ ಕಕ್ಕುತ್ತವೆ.

ಹುಳುಗಳಿಗೆ ಸೊಪ್ಪು ಹಾಕಿದೆನೋ ಇಲ್ಲವೋ ಮರೆತುಹೋಗಿ ಎರಡು ಸಲ ಹಾಕಿದೆ. ಇಪ್ಪತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ನೀರು ಕುಡಿಯುವಾಗಲೆಲ್ಲ ಗಂಟಲಲ್ಲಿ ಸರಿಯಾಗಿ ಇಳಿಯುತ್ತಿದೆಯೇ ಎಂದು ನೋಡುತ್ತೇನೆ. ಕೂತರೆ ಕೂರಲು ಆಗದು, ನಿಂತರೆ ನಿಲ್ಲಲು ಆಗದು.

ಅತ್ತೆ ಇವತ್ತು ಸಂಜೆ ಏನೂ ಕೇಳಲಿಲ್ಲ.

ಜೂನ್ 11, ಬುಧವಾರ

ಹೇಳಿದೆ. ಆ ಮಾತು ಹೇಳಿದ ಮೇಲೆ ಮೌನಿಕಾಳ ಮುಖ ನೋಡಬಾರದಿತ್ತು. ಏನೇನೋ ಬರೆಯುತ್ತಿದ್ದೇನೆ. ನಡೆದದ್ದು ಬರೆಯುತ್ತೇನೆ.

ಬೆಳಗ್ಗೆಯಿಂದ ಮಗು ಒಂದೇ ಸಮನೆ ಅಳುತ್ತಿತ್ತು. ಎದೆಗಿಟ್ಟರೆ ತಲೆ ತಿರುಗಿಸುತ್ತಿತ್ತು. ಹೊಟ್ಟೆನೋವು, ಓಮದ ನೀರು ಕೊಡಿ ಎಂದರು ಅತ್ತೆ. ಮೌನಿಕಾಳ ಎದುರು ನೆಲದ ಮೇಲೆ ಕೂತು ಒಂದೇ ಉಸಿರಿಗೆ ಹೇಳಿಬಿಟ್ಟೆ: ಜೋಲಿಯಲ್ಲಿ ಇತ್ತು, ಪಾದದ ಹತ್ತಿರ, ನನಗೆ ಕಚ್ಚಿತು, ಮಗುವಿಗೆ ಕಚ್ಚಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಅವಳು ಕೂಗಲಿಲ್ಲ. “ಎಷ್ಟ್ ದಿನ ಆಯ್ತು?” ಎಂದಳು.

“ನಾಕು.”

“ನಾಕು ದಿನದಿಂದ ನೀನು ಇವಳ ಮೈಯೆಲ್ಲಾ ತಡಕ್ತಿದ್ದೆ. ನಾನು ಎಣ್ಣೆ ಹಚ್ತಿದೀಯ ಅಂದ್ಕೊಂಡಿದ್ದೆ ಅಮ್ಮಾ.”

ಇವರು ಕಾರು ಮಾತಾಡಿಕೊಂಡು ಬಂದರು. ಕೋಲಾರದ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಚ್ಚಿದ ತಕ್ಷಣ ತೊಳೆದ್ರಾ ಎಂದು ಕೇಳಿದರು. ಸೋಪು ಸುನಂದ ತಲೆ ತಗ್ಗಿಸಿದಳು. ಅಲ್ಲೇ ನಲ್ಲಿ ಕೆಳಗೆ ಕೈ ಹಿಡಿಸಿ ಗಡಿಯಾರ ನೋಡಿಕೊಂಡು ತೊಳೆಸಿದರು. ಗಾಯದ ಸುತ್ತ ಒಂದು ಸೂಜಿ, ತೋಳಿಗೆ ಬೇರೆ ಸೂಜಿ.

“ಮಗೂಗೂ ಬೇಕಾ ಡಾಕ್ಟ್ರೇ? ಗುರುತು ಏನೂ ಕಾಣಲ್ಲ,” ಎಂದರು ಇವರು.

“ಅದರ ಹಲ್ಲು ಎಷ್ಟು ಸಣ್ಣ ಗೊತ್ತಾ? ಗುರುತು ಕಾಣಲೇಬೇಕು ಅಂತಿಲ್ಲ. ಕಚ್ಚಿಲ್ಲ ಅಂತ ಹೇಳೋಕೆ ಮಗೂಗೆ ಬಾಯಿಲ್ಲ. ಹಾಕೋದೇ.” ಆಮೇಲೆ ನನ್ನ ಕಡೆ ತಿರುಗಿ, “ಈಗಲಾದ್ರೂ ಬಂದ್ರಲ್ಲ. ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ತಪ್ಪಿಸಬೇಡಿ,” ಎಂದರು.

ಸೂಜಿ ಚುಚ್ಚಿದಾಗ ಮಗು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಅಷ್ಟರಲ್ಲಿ ಅಳಿಯ ಗಂಗಾಧರ್ ಬಂದಿದ್ದರು. ತಾಯಿ ಮಗುವನ್ನು ಕರೆದುಕೊಂಡು ಆಸ್ಪತ್ರೆಯಿಂದ ನೇರ ಲಕ್ಕೂರಿಗೆ ಹೊರಟರು. ನಾನೂ ಬರಲಾ ಎಂದೆ.

“ಹುಳು ಇದಾವಲ್ಲ, ನೋಡ್ಕೋ,” ಎಂದಳು ಮೌನಿಕಾ.

ಜೂನ್ 12, ಗುರುವಾರ

ಜೋಲಿ ಬಿಚ್ಚಲಿಲ್ಲ. ಅತ್ತೆ ಅದನ್ನು ತೂಗುತ್ತಾ ಕೂತಿದ್ದರು. ಬೇಡ ಅತ್ತೆ, ಖಾಲಿ ಜೋಲಿ ತೂಗಬಾರದು ಎಂದೆ. ನಿಲ್ಲಿಸಿದರು.

ಜೂನ್ 14, ಶನಿವಾರ

ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿವೆ. ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಪೊರೆ ಬಿಡುವವರೆಗೂ ಅಲುಗಾಡುವುದಿಲ್ಲ. ನನಗೂ ಬಿಡುವಾಯಿತು. ಎಂಟು ಗಂಟೆಗೇ ಆಸ್ಪತ್ರೆಯ ಬೆಂಚಿನಲ್ಲಿದ್ದೆ.

ಹತ್ತೂವರೆಗೆ ಬಂದರು. ಮೌನಿಕಾ ಬೆಂಚಿನ ಆ ತುದಿಯಲ್ಲಿ ಕೂತಳು. ನಡುವೆ ನಾಯಿ ಕಚ್ಚಿಸಿಕೊಂಡ ಯಾರೋ ಇಬ್ಬರು. ಮಗುವಿನ ಟೋಪಿಯ ಗೊಂಡೆ ಮಾತ್ರ ಕಾಣುತ್ತಿತ್ತು. ಹಾಲು ಕುಡಿಯುತ್ತಿದ್ದಾಳಾ ಎಂದು ಗಂಗಾಧರ್ ಅವರನ್ನು ಕೇಳಿದೆ. ಚೆನ್ನಾಗಿ ಕುಡಿಯುತ್ತಿದ್ದಾಳೆ ಅತ್ತೆ ಎಂದರು. ಅವತ್ತು ಅತ್ತದ್ದು ಬರೀ ಹೊಟ್ಟೆನೋವಂತೆ.

ನಾನು ತಂದಿದ್ದ ಮೆಂತ್ಯದ ಉಂಡೆಯ ಡಬ್ಬಿಯನ್ನು ಮೌನಿಕಾ ನನ್ನ ಕಡೆ ನೋಡದೆ ಚೀಲಕ್ಕೆ ಹಾಕಿಕೊಂಡಳು.

ಜೂನ್ 16, ಸೋಮವಾರ

ಗಂಗಾ ಬಂದು ಎಲ್ಲ ಕೇಳಿದಳು. ಹೇಳಿದೆ, ಕುಡುಗೋಲಿನ ಸುಳ್ಳನ್ನೂ ಸೇರಿಸಿ. “ಅಲ್ಲಕ್ಕಾ, ಮಾಲೂರಲ್ಲೂ ಈ ಸೂಜಿ ಹಾಕ್ತಾರೆ, ಲಕ್ಕೂರಿನವರಿಗೆ ಅದೇ ಹತ್ರ. ಹಸುಗೂಸು ಎತ್ಕೊಂಡು ಕೋಲಾರಕ್ಕೆ ಯಾಕ್ ಬರ್ತಾರೆ?” ಎಂದಳು. ಭಾರತಮ್ಮನಿಗೆ ದೊಡ್ಡ ಆಸ್ಪತ್ರೆಯೆಂದರೆ ನಂಬಿಕೆ ಇರಬೇಕು.

ಬಾವಲಿ ಓಡಿಸಲು ಯಾರನ್ನಾದರೂ ಕರೆಸಲಾ ಎಂದು ಕೇಳಿದೆ. ಹೊಗೆ ಹಾಕುವವರು ಇದ್ದಾರಂತೆ, ಮುಳಬಾಗಿಲಿನ ಕಡೆ. ಅತ್ತ ಅತ್ತೆಯ ಮುಖ ಸಪ್ಪಗಾಯಿತು. ಗಂಗಾ ಬೇಡವೇ ಬೇಡ ಎಂದಳು. ಹೊಗೆ ಹಾಕಿದರೆ ದಿಕ್ಕುತಪ್ಪಿ ಮತ್ತೆ ಮನೆಯೊಳಗೇ ಇಳಿಯುತ್ತವಂತೆ, ಮರಿಗಳು ಅಲ್ಲೇ ಸಾಯುತ್ತವಂತೆ. ಅದನ್ನು ನನಗೆ ಹೇಳಬೇಕೇ.

ಜೂನ್ 18, ಬುಧವಾರ

ಏಳನೇ ದಿನದ ಸೂಜಿ. ಹುಳುಗಳು ಈಗ ಹೊಟ್ಟೆಬಾಕರು. ಸೊಪ್ಪು ಹಾಕಿದರೆ ಮಳೆ ಬಿದ್ದ ಸದ್ದು. ಇವರು ರಜೆ ಹಾಕಿ ಹುಳುಮನೆಯಲ್ಲಿ ನಿಂತರು. ಕೈ ತೊಳೆಯಿರಿ ಎಂದು ನಾನು ಹೇಳುವ ಮೊದಲೇ ತೊಳೆದರು.

ಬೆಂಚಿನಲ್ಲಿ ಇವತ್ತು ನಡುವೆ ಯಾರೂ ಇರಲಿಲ್ಲ. ಚೀಟಿ ಬರೆಸಲು ಹೋಗುವಾಗ ಮೌನಿಕಾ ಆಚೆ ಈಚೆ ನೋಡಿ, ಎತ್ತಿಕೊಳ್ಳಲು ಮನೆಯವರು ಬೇರೆ ಯಾರೂ ಇಲ್ಲವೆಂದು, ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ನಾಲ್ಕೈದು ನಿಮಿಷ. ತೂಕ ಹೆಚ್ಚಾಗಿದೆ. ನನ್ನ ಹೆಬ್ಬೆರಳು ಹಿಡಿದುಕೊಂಡಿತು, ಕಚ್ಚಿಸಿಕೊಂಡ ಕೈಯದೇ. ಅತ್ತುಬಿಟ್ಟೆ. ಎದುರು ಬೆಂಚಿನ ಮುದುಕಿ, ಸೂಜಿ ನೋವು ಒಂದು ಗಳಿಗೆ ಅಷ್ಟೇ ಎಂದು ಸಮಾಧಾನ ಹೇಳಿತು.

“ಅಟ್ಟ ಏನ್ ಮಾಡಿದ್ರಿ?” ಎಂದು ಹೊರಡುವಾಗ ಕೇಳಿದಳು ಮೌನಿಕಾ. ನನ್ನನ್ನಲ್ಲ, ಗೋಡೆಯನ್ನು.

“ಏನೂ ಮಾಡಿಲ್ಲ ಇನ್ನೂ.”

ಜೂನ್ 20, ಶುಕ್ರವಾರ

ಮಾಡಿದೆವು. ಅತ್ತೆ ಹೇಳಿದ ಹಾಗೆ: ಸೂರು ಅವುಗಳದು, ಕೋಣೆ ನಮ್ಮದು.

ಮೇಸ್ತ್ರಿ ಕದಿರೇಶ್ ಬಂದು ಕೋಣೆಯ ಒಳಗಿನಿಂದ ಅಟ್ಟದ ಹಲಗೆಗಳ ನಡುವಿನ ಸಂದಿಗೆಲ್ಲ ಪಟ್ಟಿ ಹೊಡೆದ. ಗೋಡೆಯ ತಲೆಗೂ ಹಲಗೆಗೂ ನಡುವೆ ಬೆರಳು ತೂರುವಷ್ಟು ಸಂದಿದ್ದಲ್ಲೆಲ್ಲ ಸಿಮೆಂಟು ಬಳಿದ. ಅಟ್ಟದ ಬಾಗಿಲಿಗೆ ಹೊಸ ಅಂಚು. ಹೊರಗಿನ ಸೂರಿನ ಸಂದಿ ಹಾಗೇ ಬಿಟ್ಟೆವು. “ಅಕ್ಕಾ, ಅದನ್ನೂ ಮುಚ್ಚಿಬಿಡ್ಲಾ? ಐದು ನಿಮಿಷದ ಕೆಲಸ,” ಎಂದ. “ಮುಟ್ಟಬೇಡ,” ಎಂದು ಗದರಿದೆ. ಪಾಪ, ಒಳ್ಳೆಯದಕ್ಕೇ ಹೇಳಿದ್ದ.

ಹಿಕ್ಕೆಯನ್ನು ಇನ್ನು ಒಣದಾಗಿ ಗುಡಿಸುವುದಿಲ್ಲ. ಬ್ಲೀಚಿಂಗ್ ನೀರು ಚಿಮುಕಿಸಿ ನೆನೆಸಿ, ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ಚೀಲ ಹಾಕಿಕೊಂಡು ಬಳಿದು ತೆಗೆದೆ. ಹುಳುಮನೆಗೆ ಮಾಡುವುದನ್ನೇ ಮನೆಗೆ ಮಾಡಲು ಇಷ್ಟು ದಿನ ನನಗೇನಾಗಿತ್ತು?

ಸಂಜೆ ಅತ್ತೆಯ ಪಕ್ಕ ಕೂತೆ. ಸೊಪ್ಪಿನ ಕೆಲಸ ಮುಗಿದಿತ್ತು, ಬೇರೇನೂ ಇರಲಿಲ್ಲ.

“ಎನ್ನಿ ಪೋಯ್ನಾಯೇ?”

“ಹತ್ತೊಂಬತ್ತು.”

“ಅಷ್ಟೇನಾ? ಮೊನ್ನೆ ಮೊನ್ನೆ ನಲವತ್ತು ಅಂದಿದ್ದೆ.”

“ಅವತ್ತು ಎಣಿಸಿರಲಿಲ್ಲ ಅತ್ತೆ.”

“ಗೊತ್ತು ಬಿಡು,” ಎಂದರು.

ಜೂನ್ 23, ಸೋಮವಾರ

ಹುಳು ಹಣ್ಣಾದವು. ಬೆಳಗ್ಗೆಯಿಂದ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟು ಬಿಟ್ಟು ಸೊಂಟ ಬಿದ್ದುಹೋಗಿದೆ. ಮೈಯೊಳಗಿನ ಬೆಳಕು ಕಾಣುವ ಹಾಗೆ ಹೊಳೆಯುತ್ತವೆ. ಪ್ರತಿ ಸಲವೂ ನೋಡುತ್ತೇನೆ, ಪ್ರತಿ ಸಲವೂ ಚೆಂದ.

ಮೌನಿಕಾ ಇದ್ದಿದ್ದರೆ ಮಗುವಿಗೆ ತೋರಿಸುತ್ತಿದ್ದಳು.

ಸಂಜೆ ಸೂರಿನಿಂದ ಹೋದದ್ದು ಇಪ್ಪತ್ತೆರಡು.

ಜೂನ್ 30, ಸೋಮವಾರ

ಗೂಡು ಬಿಡಿಸಿ ಇವರು ಮಾರುಕಟ್ಟೆಗೆ ಹಾಕಿಬಂದರು. ಚೆನ್ನಾಗಿ ಬಂದಿವೆ. ಹುಳುಮನೆ ಖಾಲಿ, ಕೋಣೆ ಖಾಲಿ, ಕೈ ಖಾಲಿ. ಒಂದೇ ನೆಲವನ್ನು ಮೂರು ಸಲ ಒರೆಸಿದೆ. ಫೋನು ಕೈಗೆತ್ತಿಕೊಂಡು ಇಟ್ಟೆ. ಮತ್ತೆ ಎತ್ತಿಕೊಂಡು ಇಟ್ಟೆ. ಅತ್ತೆ ಮಾತ್ರ ದಿನಾ ಮೊಮ್ಮಗಳು ಮೌನಿಕಾಳ ಜೊತೆ ಫೋನಲ್ಲಿ ಅರ್ಧ ಗಂಟೆ ಪಿಸಪಿಸ ಮಾತಾಡುತ್ತಾರೆ. ಏನು ಎಂದರೆ, ಏನೂ ಇಲ್ಲ ಬಿಡೇ ಎನ್ನುತ್ತಾರೆ.

ಇಪ್ಪತ್ತಾರು. ಮರಿಗಳು ಹಾರಲು ಕಲಿತಿರಬೇಕು. ಒಂದು ಮಾತ್ರ ಸೂರಿನಿಂದ ಬಿದ್ದಂತೆ ಜಾರಿ, ನೆಲ ತಾಗುವಷ್ಟರಲ್ಲಿ ಮೇಲೆದ್ದಿತು.

ಜುಲೈ 4, ಶುಕ್ರವಾರ

ನೆಲದ ಮೇಲೆ ಒಂದು ಬಾವಲಿ ಬಿದ್ದಿತ್ತು, ಬೇಲಿ ಹತ್ತಿರ, ಬದುಕಿತ್ತು. ಮುಟ್ಟಲಿಲ್ಲ. ಬೆಕ್ಕನ್ನು ಒಳಗೆ ಕೂಡಿಹಾಕಿ, ಒಂದು ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಇಟ್ಟು, ಉದ್ದನೆ ಕೋಲಿನಲ್ಲಿ ಅದರೊಳಗೆ ತಳ್ಳಿ, ಹುಣಸೆ ಮರದ ಕವಲಲ್ಲಿ ಪೆಟ್ಟಿಗೆ ಇಟ್ಟೆ. ಸಂಜೆ ನೋಡಿದರೆ ಹೋಗಿತ್ತು. ಆದರೂ ಕೈಯನ್ನು ಕಾಲು ಗಂಟೆ ತೊಳೆದೆ.

ಇಪ್ಪತ್ತೊಂಬತ್ತು.

ಜುಲೈ 8, ಮಂಗಳವಾರ

ನಾಳೆ ಕೊನೆಯ ಸೂಜಿ. ನಾಳೆಯಾದ ಮೇಲೆ ಆ ಬೆಂಚಿಗೆ ಹೋಗಲು ನನಗೇನೂ ಕಾರಣವಿಲ್ಲ. ಅವರು ಬರಲೂ ಕಾರಣವಿಲ್ಲ. ಒಂದೇ ಹೊತ್ತು ಉಂಡೆ.

ಮೂವತ್ತೊಂದು. ಅತ್ತೆಗೆ ಹೇಳಿದೆ.

ಜುಲೈ 9, ಬುಧವಾರ

ಇವತ್ತು ಭಾರತಮ್ಮನೂ ಬಂದಿದ್ದರು. ನನ್ನ ಸೂಜಿ ಮುಗಿಯಿತು. ಮಗುವಿನದೂ ಮುಗಿಯಿತು, ಅತ್ತಳು, ಒಂದೇ ನಿಮಿಷಕ್ಕೆ ಸುಮ್ಮನಾಗಿ ಫ್ಯಾನು ನೋಡತೊಡಗಿದಳು. ಡಾಕ್ಟರಮ್ಮ ಕಾರ್ಡಿಗೆ ಸಹಿ ಹಾಕಿ, ಇನ್ನು ನಿಶ್ಚಿಂತೆಯಾಗಿರಿ ಎಂದರು. ನಾನು ಹೋಗಿ ಬೆಂಚಿನಲ್ಲಿ ಕೂತೆ.

ಭಾರತಮ್ಮ ಪಕ್ಕದಲ್ಲಿ ಕೂತರು. “ಸುನಂದಮ್ಮಾ, ಮೌನಿಕಾ ತೌರಿಗೆ ಹೋಗ್ತೀನಿ ಅಂತಾಳೆ. ನಾನ್ಯಾಕ್ ಬೇಡ ಅನ್ಲಿ? ಆದ್ರೆ ಒಂದ್ ಮಾತು ಕೇಳ್ತೀನಿ. ಆ ಬಾವಲಿಗಳು ಹೋದ್ವಾ?”

ಹೋದವು ಎಂದರೆ ಮುಗಿಯಿತು. ಅವರು ಅಟ್ಟ ಹತ್ತಿ ನೋಡುವವರಲ್ಲ. ಸಂಜೆಯೊಳಗೆ ಮಗು ಜೋಲಿಯಲ್ಲಿರುತ್ತಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು, ನಿಜ ಹೇಳುತ್ತೇನೆ. ಮೌನಿಕಾ ಮಗುವಿನ ಟೋಪಿ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

“ಇಲ್ಲ ಭಾರತಮ್ಮಾ, ಇದಾವೆ,” ಎಂದೆ. “ನಿನ್ನೆ ಸಂಜೆ ಮೂವತ್ತೊಂದು ಹೋದ್ವು. ಕೋಣೆಗೆ ಬರದಂಗೆ ಅಟ್ಟದ ಸಂದೆಲ್ಲ ಮುಚ್ಚಿಸಿದೀನಿ, ಜೋಲಿಗೆ ಪರದೆ ಹಾಕ್ತೀನಿ. ಆದ್ರೆ ಓಡ್ಸಿಲ್ಲ. ಮರಿ ಈಗ ತಾನೇ ಹಾರ್ತಿದಾವೆ. ಅವತ್ತು ಫೋನಲ್ಲಿ ಒಂದೂ ಇಲ್ಲ ಅಂದಿದ್ನಲ್ಲ, ಅದು ಸುಳ್ಳು. ಕಳಿಸಲ್ಲ ಅಂದ್ರೆ ನಾನು ತಪ್ಪು ತಿಳ್ಕೊಳಲ್ಲ.”

ಭಾರತಮ್ಮ ಸೊಸೆಯ ಮುಖ ನೋಡಿದರು.

“ಮೂವತ್ತೊಂದೇ ಅತ್ತೆ,” ಎಂದಳು ಮೌನಿಕಾ ಟೋಪಿಯ ದಾರ ಬಿಗಿಯುತ್ತಾ. “ಅಜ್ಜಿ ದಿನಾ ಫೋನಲ್ಲಿ ಲೆಕ್ಕ ಹೇಳ್ತಾರೆ. ನಿನ್ನೆನೂ ಅಷ್ಟೇ ಅಂದ್ರು.” ಆಮೇಲೆ, ತಿಂಗಳ ನಂತರ ಮೊದಲ ಸಲ, ನೇರ ನನ್ನ ಕಣ್ಣು ನೋಡಿದಳು. “ನೀನು ಹೋದ್ವು ಅಂದಿದ್ರೆ ನಾನು ಬರ್ತಿರ್ಲಿಲ್ಲ ಅಮ್ಮಾ.”

ಭಾರತಮ್ಮ ಸೆರಗು ಸರಿಮಾಡಿಕೊಂಡು, “ಆಷಾಢ ಬೇರೆ. ತೌರಲ್ಲಿರೋ ತಿಂಗಳೇ,” ಎಂದರು. “ಸೊಳ್ಳೆಪರದೆ ಮಾತ್ರ ನಾನೇ ತಂದು ನಾನೇ ಕಟ್ತೀನಿ. ನಿಮ್ಮನ್ನ ನಂಬಲ್ಲ.”

ನಂಬಬೇಡಿ ಎಂದೆ. ಭಾನುವಾರ ಬರುತ್ತಾರೆ.

ಮನೆಗೆ ಬಂದು ಜೋಲಿಯ ಸೀರೆ ಒಗೆದು ಹಾಕಿದೆ. ಇದನ್ನು ಜಗಲಿಯಲ್ಲಿ ಕೂತೇ ಬರೆಯುತ್ತಿದ್ದೇನೆ. ಮೋಡವಿದೆ, ಸೂರಿನಡಿ ಬೇಗ ಕತ್ತಲಾಗುತ್ತಿದೆ. ಒಳಗೆ ಒಲೆಯ ಮೇಲೆ ಸಾರು ಕುದಿಯುತ್ತಿದೆ, ಇವರು ಎರಡು ಸಲ ಕರೆದರು. ಅತ್ತೆಯೂ ಏಳಲು ಗೋಡೆ ಹಿಡಿದರು.

“ಎನ್ನಿ ಪೋಯ್ನಾಯೇ ಸುನಂದಾ?”

“ಇಪ್ಪತ್ತೊಂಬತ್ತು. ಇರಿ ಅತ್ತೆ, ಇನ್ನೂ ಎರಡು ಬರಬೇಕು.”